ಹನ್ನೊಂದು ಕವರ್ ಮಣ್ಣು

ವಿಜಯನಗರದ ಒಂದು ಅನುದಾನಿತ ಕನ್ನಡ ಶಾಲೆಯಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಎಂಟನೆಯ ತರಗತಿಗೆ ಭೂಮಿಯ ಒಳಪದರಗಳ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ನನಗೇ ನೆನಪಿಲ್ಲ. ಬೋರ್ಡಿನ ಮೇಲೆ ಒಂದರೊಳಗೊಂದು ವೃತ್ತ ಬರೆಯುತ್ತೇನೆ. ಹೊರಗಿನದು ಭೂಕವಚ, ನಡುವಿನದು ಮ್ಯಾಂಟಲ್, ಒಳಗಿನದು ಕೇಂದ್ರಗೋಳ. ಮಕ್ಕಳು ಅದನ್ನು ನೋಟ್ಸಿಗೆ ಇಳಿಸಿಕೊಂಡು ಕಂದು, ಕಿತ್ತಳೆ, ಹಳದಿ ಬಣ್ಣ ತುಂಬಿ ತರುತ್ತಾರೆ. ನಾನು ಸರಿ ಗುರುತು ಹಾಕಿ ಕೊಡುತ್ತೇನೆ. ಮುಂದಿನ ಪಿರಿಯಡ್ಡಿಗೆ ಜ್ವಾಲಾಮುಖಿ ಶುರುವಾಗುತ್ತದೆ.

ಕೆಲವು ವರ್ಷಗಳ ಹಿಂದೆ, ಆ ಪಾಠ ಮಾಡುತ್ತಿದ್ದ ದಿನ, ಮೂರನೆಯ ಬೆಂಚಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. ಮೂಡಲಪಾಳ್ಯದಿಂದ ನಡೆದು ಬರುತ್ತಿದ್ದವಳು. ಎರಡು ಜಡೆ, ಸಣ್ಣ ಧ್ವನಿ. ಕೇಳಿದರೆ ಉತ್ತರ ಹೇಳುತ್ತಿದ್ದಳೇ ಹೊರತು ತಾನಾಗಿ ಕೈ ಎತ್ತಿದ್ದು ಅದೇ ಮೊದಲು.

"ಮಿಸ್, ನಮ್ಮಪ್ಪ ಭೂಮಿ ಒಳಗಡೆ ಸಾವಿರದ ನೂರೆಂಬತ್ತು ಅಡಿ ಹೋಗಿದಾರೆ."

ತರಗತಿ ನಕ್ಕಿತು. "ಲಿಫ್ಟಲ್ಲಿ ಹೋದ್ರಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಅವಳ ಮುಖ ಸಪ್ಪಗಾಯಿತು, ಆದರೂ ಕೂರಲಿಲ್ಲ.

"ಅವ್ರೇ ಹೋಗಿಲ್ಲ ಮಿಸ್. ಅವ್ರ ಗಾಡಿ ರಾಡು ಹೋಗಿದೆ. ನಮ್ಮಪ್ಪ ಬೋರ್‌ವೆಲ್ ಗಾಡೀಲಿ ಡ್ರಿಲ್ಲರ್. ಎಷ್ಟು ಅಡಿಗೆ ಯಾವ ಮಣ್ಣು, ಯಾವ ಕಲ್ಲು ಸಿಗುತ್ತೆ ಅಂತ ಅವ್ರಿಗೆಲ್ಲ ಗೊತ್ತು."

ಅವಳಿಗೆ ಅವಮಾನವಾಗಬಾರದೆಂದೋ, ಅದೇ ವೃತ್ತಗಳನ್ನು ಬರೆದೂ ಬರೆದೂ ನನಗೇ ಸಾಕಾಗಿತ್ತೋ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಹಾಗಾದ್ರೆ ಅಪ್ಪನ್ನ ಒಂದಿನ ಕರ್ಕೊಂಡ್ ಬಾ. ಅವ್ರೇ ನಮಗೆಲ್ಲ ಪಾಠ ಮಾಡ್ಲಿ."

ಅವರು ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಎರಡು ವಾರ ಕಳೆದು ಒಂದು ಶನಿವಾರ ಬೆಳಿಗ್ಗೆ ಬಂದರು. ತೆಳ್ಳಗಿನ ಆಳು, ನಲವತ್ತರ ಆಸುಪಾಸು. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಕೈಯಲ್ಲಿ ಒಂದು ದೊಡ್ಡ ಬಟ್ಟೆ ಚೀಲ. ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. ಹಾಕಿಕೊಂಡೇ ಬನ್ನಿ ಎಂದರೂ ಕೇಳಲಿಲ್ಲ.

ತರಗತಿಯಲ್ಲಿ ನನ್ನ ಮೇಜಿನ ಮೇಲೆ ದಿನಪತ್ರಿಕೆ ಹಾಸಿ ಚೀಲದಿಂದ ಒಂದೊಂದೇ ಪ್ಲಾಸ್ಟಿಕ್ ಕವರ್ ತೆಗೆದಿಟ್ಟರು. ಒಟ್ಟು ಹನ್ನೊಂದು. ಪ್ರತಿಯೊಂದಕ್ಕೂ ರಬ್ಬರ್ ಬ್ಯಾಂಡ್ ಹಾಕಿ, ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಅಂಟಿಸಿದ್ದರು. ಚೀಟಿಯ ಮೇಲೆ ನೀಲಿ ಬಾಲ್‌ಪೆನ್ನಿನ ದಪ್ಪ ದಪ್ಪ ಅಕ್ಷರ: ‘೨೦ ಅಡಿ ಕೆಂಪು ಮಣು’, ‘೪೦ ಅಡಿ ಮೆದು ಕಲು’, ‘೩೦೦ ಅಡಿ ಗಟಿ ಕಲು’. ಒತ್ತಕ್ಷರಗಳನ್ನೆಲ್ಲ ಬಿಟ್ಟಿದ್ದರು. ನಂದಿನಿ ಲೇಔಟಿನಲ್ಲಿ ಒಂದು ಅಪಾರ್ಟ್‌ಮೆಂಟಿಗೆ ಕೊರೆದ ಬೋರಿನಿಂದ, ಮಗಳು ಹೇಳಿದ ಮೇಲೆ, ಅಡಿ ಎಣಿಸಿ ಎಣಿಸಿ ಎತ್ತಿಟ್ಟುಕೊಂಡಿದ್ದರಂತೆ.

ಮಗಳತ್ತ ಒಮ್ಮೆ ನೋಡಿ ಮೊದಲ ಕವರ್ ಬಿಚ್ಚಿದರು.

"ಇದು ಮೇಲ್ಗಡೆ ಮಣ್ಣು. ನೀವು ಆಟ ಆಡ್ತೀರಲ್ಲ, ಅದೇ. ನಲವತ್ತಡೀಗೆ ಬಂದ್ರೆ ಹಿಂಗೆ ಹಳದಿ ತಿರುಗುತ್ತೆ. ಕಲ್ಲೇ, ಆದ್ರೆ ಕೈಯಲ್ಲಿ ಹಿಸುಕಿದ್ರೆ ಪುಡಿಯಾಗುತ್ತೆ. ಇಲ್ಲೀತನಕ ನಾವು ಪೈಪ್ ಇಳಿಸ್ತೀವಿ. ಇಳಿಸ್ದಿದ್ರೆ ಮಣ್ಣು ಕುಸಿದು ತೂತು ಮುಚ್ಕೊಂಡ್ಬಿಡುತ್ತೆ. ಇಲ್ಲಿಂದ ಕೆಳಗೆ ಬರೀ ಗಟ್ಟಿ ಕಲ್ಲು."

"ಅಂಕಲ್, ಕಲ್ಲು ಅಂತೀರಾ, ಇದು ಹಿಟ್ಟಿದ್ದಂಗಿದೆ," ಎಂದಳು ಮುಂದಿನ ಬೆಂಚಿನ ಒಬ್ಬಳು.

"ಬಿಟ್ಟು ಅಂತ ಇರುತ್ತೆ ರಾಡಿನ ತುದೀಲಿ. ಅದು ಕಲ್ಲನ್ನ ಕುಟ್ಟಿ ಕುಟ್ಟಿ ಹಿಟ್ಟು ಮಾಡುತ್ತೆ. ಕಂಪ್ರೆಸರ್ ಗಾಳಿ ಆ ಹಿಟ್ಟನ್ನ ಮೇಲಕ್ಕೆ ತಳ್ಳುತ್ತೆ. ಅದ್ರ ಬಣ್ಣ ನೋಡಿ, ಮುಟ್ಟಿ ನೋಡಿ, ನೀರು ಹತ್ರ ಇದೆಯೋ ಇಲ್ವೋ ಅಂತ ನಾವು ಅಂದಾಜು ಮಾಡ್ತೀವಿ."

ಮಕ್ಕಳನ್ನು ಹಿಡಿಯುವುದು ಕಷ್ಟವಾಯಿತು. ಎಲ್ಲರೂ ಮೇಜಿಗೆ ಮುತ್ತಿಕೊಂಡರು. ಬೂದಿ ಬಣ್ಣದ ಆ ನುಣ್ಣನೆಯ ಪುಡಿಗೆ ಬೆರಳು ಅದ್ದಿದರು, ಕೆನ್ನೆಗೆ ಹಚ್ಚಿಕೊಂಡರು. ಒಬ್ಬ ಇನ್ನೊಬ್ಬನ ಮುಖಕ್ಕೆ ಊದಿದ. "ಊದಬೇಡ್ರಪ್ಪ, ಕಣ್ಣಿಗೆ ಹೋಗುತ್ತೆ," ಎಂದು ಅವರು ನಗುತ್ತಲೇ ತಡೆದರು. ನಾನೂ ಒಂದು ಚಿಟಿಕೆ ತೆಗೆದು ಬೆರಳ ನಡುವೆ ಉಜ್ಜಿ ನೋಡಿದೆ. ಪಾಠದ ನಡುವೆ ಅವರಿಗೆ ಎರಡು ಮೂರು ಸಲ ಕೆಮ್ಮು ಬಂತು. ನನ್ನ ಬಾಟಲಿಯ ನೀರು ಕೊಟ್ಟೆ. "ಧೂಳು ಆಗಲ್ಲ ಮೇಡಂ, ಅಲರ್ಜಿ," ಎಂದು ಬಾಯಿ ಒರೆಸಿಕೊಂಡರು.

ಕೊನೆಯಲ್ಲಿ ಬೋರ್ಡಿನ ಕಡೆ ತಿರುಗಿ, ಹಿಂದಿನ ದಿನ ಪುನರಾವರ್ತನೆಗೆಂದು ನಾನು ಬರೆದಿದ್ದ ವೃತ್ತಗಳನ್ನು ಬಹಳ ಹೊತ್ತು ನೋಡಿದರು.

"ಮೇಡಂ, ನಾವು ಕೊರೆಯೋದು ಈ ಚಿತ್ರದಲ್ಲಿ ಎಲ್ಲೀತನಕ ಬರುತ್ತೆ?"

ನನಗೆ ಉತ್ತರ ಗೊತ್ತಿತ್ತು. ಗೊತ್ತಿದೆಯೆಂಬ ಹುಮ್ಮಸ್ಸಿನಲ್ಲಿ ಹೇಳಿಯೂ ಬಿಟ್ಟೆ. "ಈ ಹೊರಗಿನ ಚಾಕ್‌ಪೀಸ್ ಗೆರೆ ಇದೆಯಲ್ಲ, ಭೂಕವಚ ಅಂದ್ರೆ ಇಷ್ಟೇ ದಪ್ಪ. ನಿಮ್ಮ ಸಾವಿರದ ನೂರೆಂಬತ್ತು ಅಡಿ ಈ ಗೆರೇಲಿ ನೂರರಲ್ಲಿ ಒಂದು ಪಾಲು."

ಮಕ್ಕಳು ಜೋರಾಗಿ ನಕ್ಕರು. ಅವಳ ಅಪ್ಪ ಗೆರೆಯ ಹತ್ತಿರ ಮುಖ ತಂದು ನೋಡಿದರು.

"ಇಪ್ಪತ್ತೆರಡು ವರ್ಷದಿಂದ ಕೊರೀತಿದೀನಿ. ಇನ್ನೂ ಗೆರೆ ಒಳಗೇ ಇದೀನಾ," ಎಂದು ತಾವೂ ನಕ್ಕರು. ಮಗಳು ನಗಲಿಲ್ಲ. ನಾನು ಬೇರೆ ರೀತಿ ಹೇಳಬಹುದಿತ್ತು ಎಂದು ಆಗಲೇ ಅನಿಸಿತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಹೊರಡುವಾಗ ಕವರ್‌ಗಳನ್ನು ಶಾಲೆಗೇ ಬಿಟ್ಟರು. "ಇಲ್ಲೇ ಇರ್ಲಿ ಮೇಡಂ. ಮುಂದಿನ ವರ್ಷದ ಮಕ್ಕಳಿಗೂ ತೋರ್ಸಿ." ನಾನು ಅವನ್ನು ಸ್ಟಾಫ್ ರೂಮಿನ ಬೀರುವಿನಲ್ಲಿ, ಭೂಪಟಗಳ ಸುರುಳಿಗಳ ಕೆಳಗೆ ಸಾಲಾಗಿ ಜೋಡಿಸಿದೆ. ಅದಾದ ಮೇಲೆ ಆ ಹುಡುಗಿ ತರಗತಿಯಲ್ಲಿ ಬೇರೆಯೇ ಆದಳು. ನದಿಯ ಪಾಠಕ್ಕೂ ಕೈ ಎತ್ತಿದಳು, ಸಂವಿಧಾನದ ಪಾಠಕ್ಕೂ ಎತ್ತಿದಳು. ಗೆಳತಿಯರು ಅವಳನ್ನು ಬೋರ್‌ವೆಲ್ ಎಂದು ಕರೆಯತೊಡಗಿದರು. ಅವಳಿಗೆ ಅದು ಬೇಸರವಿದ್ದಂತೆ ಕಾಣಲಿಲ್ಲ.

ದಸರಾ ರಜೆ ಮುಗಿದ ಮೇಲೆ ಅವಳು ತರಗತಿ ತಪ್ಪಿಸತೊಡಗಿದಳು. ಕೇಳಿದರೆ, "ಅಪ್ಪಂಗೆ ಟಿ.ಬಿ. ಅಂತೆ ಮಿಸ್, ಮಾತ್ರೆ ತಗೋತಿದಾರೆ," ಎಂದಳು. ಟಿ.ಬಿ. ಈಗ ವಾಸಿಯಾಗುತ್ತೆ, ಹೆದರಬೇಡ ಎಂದೆ. ಜನವರಿಯಲ್ಲಿ ಒಂದು ವಾರ ಪೂರ್ತಿ ಬರಲೇ ಇಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ವಿಳಾಸ ಹಿಡಿದು ಅವರ ಮನೆ ಹುಡುಕಿಕೊಂಡು ಹೋದೆ.

ಮೂಡಲಪಾಳ್ಯದ ಒಂದು ಇಕ್ಕಟ್ಟಾದ ಅಡ್ಡರಸ್ತೆಯಲ್ಲಿ ಶೀಟು ಹೊದಿಸಿದ ಮನೆ. ಒಂದು ಕೋಣೆ, ಒಂದು ಅಡುಗೆಮನೆ. ಅವರು ಮಂಚದ ಮೇಲೆ ಗೋಡೆಗೆ ಎರಡು ದಿಂಬು ಒರಗಿಸಿ ಕೂತಿದ್ದರು. ನನ್ನ ತರಗತಿಯಲ್ಲಿ ನಿಂತು ಮಾತಾಡಿದ್ದ ಮನುಷ್ಯ ಇವರೇ ಎಂದು ನಂಬುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಹೆಗಲಿನ ಮೂಳೆಗಳು ಬನಿಯನ್ನಿನ ಮೇಲೆ ಎದ್ದು ಕಾಣುತ್ತಿದ್ದವು. ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತಿದ್ದರು. ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತಿದ್ದ ಹೆಂಡತಿ ರಜೆ ಹಾಕಿ ಮನೆಯಲ್ಲಿದ್ದರು.

"ಟಿ.ಬಿ. ಅಲ್ವಂತೆ ಮೇಡಂ," ಎಂದರು ಹೆಂಡತಿ, ಕಾಫಿ ಲೋಟ ನನ್ನ ಕೈಗಿಡುತ್ತಾ. "ದೊಡ್ಡಾಸ್ಪತ್ರೇಲಿ ನೋಡಿ ಹೇಳಿದ್ರು. ಕಲ್ಲಿನ ಪುಡಿ ಎದೆ ಒಳಗೆ ಹೋಗಿ ಕೂತ್ಬಿಟ್ಟಿದೆಯಂತೆ. ಇಷ್ಟು ವರ್ಷದ್ದೂ ಅಲ್ಲೇ ಇದೆಯಂತೆ. ಅದು ಈಚೆ ಬರಲ್ಲವಂತೆ."

"ಔಷಧಿ?"

"ಉಸಿರಾಟಕ್ಕೆ ಕೊಟ್ಟಿದಾರೆ. ಪುಡಿಗೆ ಔಷಧಿ ಇಲ್ವಂತೆ."

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಅಪ್ಪ ನನ್ನನ್ನು ಹತ್ತಿರ ಬರುವಂತೆ ಕೈ ಮಾಡಿದರು.

"ಮೇಡಂ, ಆ ಪುಡಿ ಇನ್ನೂ ಇದೆಯಾ ಶಾಲೇಲಿ?"

"ಇದೆ."

"ಅವತ್ತು ಮಕ್ಕಳು ಊದ್ತಿದ್ರು. ನಂಗೆ ಗೊತ್ತಿರ್ಲಿಲ್ಲ." ಉಸಿರು ತೆಗೆದುಕೊಂಡರು. "ಬಾಟ್ಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ ಇಡಿ. ಬಿಚ್ಚೋಕೆ ಕೊಡ್ಬೇಡಿ, ಹೊರಗಿಂದ ನೋಡ್ಲಿ."

ಆಗಲಿ ಎಂದೆ. ಅವರ ಕೈ ಹಿಡಿದುಕೊಂಡು ಬೇಗ ವಾಸಿಯಾಗಿ ಬನ್ನಿ, ಇನ್ನೊಂದು ಪಾಠ ಮಾಡುವುದಿದೆ ಎಂದೆ. ನಾನು ಸುಳ್ಳು ಹೇಳುತ್ತಿದ್ದೇನೆಂದು ಅವರಿಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು.

ಇದರ ಮುಂದಿನದನ್ನು ನಾನು ಇದುವರೆಗೆ ಯಾರಿಗೂ ಸರಿಯಾಗಿ ಹೇಳಿಲ್ಲ. ಆ ಮನೆಯಿಂದ ಬಸವೇಶ್ವರನಗರದ ನಮ್ಮ ಮನೆಗೆ ಆಟೋದಲ್ಲಿ ಬರುವಾಗ ನಾನು ಯೋಚಿಸಿದ್ದು ಅವರ ಬಗ್ಗೆ ಅಲ್ಲ. ನನ್ನ ಬಗ್ಗೆ. ಆ ಪುಡಿಯನ್ನು ನಾನೂ ಮುಟ್ಟಿದ್ದೆ, ಅವತ್ತು ಕೋಣೆ ತುಂಬ ಹಾರಿತ್ತು, ಇನ್ನೊಂದು ಸೆಕ್ಷನ್ನಿಗೂ ಆ ಕವರ್‌ಗಳನ್ನು ಒಯ್ದು ಬಿಚ್ಚಿ ತೋರಿಸಿದ್ದೆ. ಯಾವ ಮಗುವಿಗಾದರೂ ಏನಾದರೂ ಆದರೆ ಅಪ್ಪ ಅಮ್ಮ ಬಂದು ನನ್ನನ್ನು ಕೇಳುತ್ತಾರೆ. ಸಂಜೆಯೇ ನಮ್ಮ ಬೀದಿಯ ಡಾಕ್ಟರ ಬಳಿ ಹೋದೆ. ಅವರು ಸಮಾಧಾನದಿಂದ ಕೇಳಿಸಿಕೊಂಡು, "ಒಂದಿನ ಮುಟ್ಟಿದ್ರೆ ಏನೂ ಆಗಲ್ಲ ಮೇಡಂ. ವರ್ಷಗಟ್ಲೆ ಅದೇ ಧೂಳಲ್ಲಿ ಇರಬೇಕು. ಪಾಪ, ಅವ್ರಿಗೆ ಯಾರೂ ಒಂದು ಒಳ್ಳೇ ಮಾಸ್ಕ್ ಕೊಟ್ಟಿಲ್ಲ ಅಷ್ಟೆ," ಎಂದರು.

ಅಷ್ಟು ಸ್ಪಷ್ಟವಾಗಿ ಹೇಳಿದ್ದರು. ಆದರೂ ಸೋಮವಾರ ಬೆಳಿಗ್ಗೆ ಯಾರೂ ಬರುವ ಮುಂಚೆ ನಾನು ಸ್ಟಾಫ್ ರೂಮಿಗೆ ಹೋದೆ. ಕೊರೊನಾ ಕಾಲದ ಒಂದು ಮಾಸ್ಕ್ ಪರ್ಸಿನಲ್ಲಿತ್ತು, ಅದನ್ನು ಕಟ್ಟಿಕೊಂಡೆ. ಹನ್ನೊಂದು ಕವರ್‌ಗಳನ್ನೂ ಒಂದು ದೊಡ್ಡ ಚೀಲಕ್ಕೆ ಹಾಕಿ ಬಾಯಿ ಬಿಗಿದೆ. ಗೇಟಿನ ಹೊರಗೆ ಕಸದ ಆಟೋ ಬಂದು ನಿಂತಾಗ ನಾನೇ ಹೋಗಿ ಕೊಟ್ಟೆ. "ಏನ್ ಮೇಡಂ, ಇಷ್ಟ್ ಭಾರ ಇದೆ?" ಎಂದ ಆಟೋದವನು. ಮಣ್ಣು ಎಂದೆ. ಅವನು ಅದನ್ನು ಬರಿಗೈಯಲ್ಲಿ ಎತ್ತಿ ಹಿಂದಕ್ಕೆ ಎಸೆದ. ಒಂದು ಕವರ್ ಒಡೆದು ಬೂದಿ ಬಣ್ಣದ ಪುಡಿ ಮೇಲಕ್ಕೆದ್ದಿತು. ಅವನ ಮುಖಕ್ಕೆ ಮಾಸ್ಕ್ ಇರಲಿಲ್ಲ. ನಾನು ಒಳಗೆ ಬಂದು ಕೈ ತೊಳೆದುಕೊಂಡೆ.

ವಾರ್ಷಿಕ ಪರೀಕ್ಷೆಗೆ ಎರಡು ವಾರ ಇರುವಾಗ ಅವಳ ಅಪ್ಪ ತೀರಿಕೊಂಡರು. ಹೆಡ್‌ಮಾಸ್ಟರೂ ನಾನೂ ಹೋಗಿದ್ದೆವು. ಅವರಲ್ಲಿ ಹೂಳುವ ಪದ್ಧತಿ. ಒಬ್ಬಳೇ ಮಗಳಾದ್ದರಿಂದ ಅವಳನ್ನೂ ರುದ್ರಭೂಮಿಗೆ ಕರೆತಂದಿದ್ದರು. ಗುಂಡಿಯ ಪಕ್ಕದಲ್ಲಿ ಕೆಂಪು ಮಣ್ಣಿನ ರಾಶಿ ಇತ್ತು. ಚಿಕ್ಕಪ್ಪ ಹೇಳಿಕೊಟ್ಟಂತೆ ಅವಳು ಮೂರು ಹಿಡಿ ಮಣ್ಣು ಹಾಕಿದಳು. ಹಾಕಿ, ಕೈ ಒರೆಸಿಕೊಳ್ಳದೆ ಹಾಗೇ ನಿಂತಿದ್ದಳು. ನಾನು ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟೆ.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಅವಳು ಪರೀಕ್ಷೆಗೆ ಬಂದಳು. ಎಲ್ಲ ವಿಷಯವನ್ನೂ ಬರೆದಳು. ಕೊನೆಯ ಪರೀಕ್ಷೆಯ ದಿನ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು.

"ಮಿಸ್, ಅಪ್ಪ ತಂದಿದ್ರಲ್ಲ, ಆ ಕವರ್‌ಗಳು ಇದಾವಾ?"

"ಯಾಕಮ್ಮ?"

"ಅದ್ರ ಮೇಲೆ ಚೀಟಿ ಇತ್ತಲ್ಲ. ಅಪ್ಪ ಬರ್ದಿದ್ದು ಮನೇಲಿ ಎಲ್ಲೂ ಇಲ್ಲ ಮಿಸ್. ಸೈನ್ ಎಲ್ಲ ಅಮ್ಮಾನೇ ಹಾಕ್ತಿದ್ದಿದ್ದು. ಅಪ್ಪಂಗೆ ಬರೆಯೋಕೆ ನಾಚಿಕೆ. ಅವತ್ತು ನಾನು ಬರೀರಿ ಅಂತ ಹಠ ಮಾಡಿದ್ದಕ್ಕೆ ಬರ್ದಿದ್ರು." ಆಮೇಲೆ ಹೇಳಿದಳು: "ಮಣ್ಣು ಇಲ್ಲೇ ಇರ್ಲಿ ಮಿಸ್. ಚೀಟಿ ಮಾತ್ರ ಬಿಡಿಸ್ಕೋತೀನಿ."

ನನ್ನ ಹಿಂದೆಯೇ ಆ ಬೀರು ಇತ್ತು. ನಾನು ಅದರ ಕಡೆ ತಿರುಗಿ ನೋಡಲಿಲ್ಲ. "ಬೀರು ಕ್ಲೀನ್ ಮಾಡುವಾಗ ಎಲ್ಲಿಟ್ಟಿದಾರೋ, ಹುಡುಕಿಸ್ತೀನಿ," ಎಂದೆ. ಅವಳು ತಲೆ ಆಡಿಸಿ ಹೋದಳು.

ಬೇಸಿಗೆ ರಜೆಯಿಡೀ ನನಗೆ ನೆಮ್ಮದಿಯಿರಲಿಲ್ಲ. ಅವತ್ತು ಫೋನಿನಲ್ಲಿ ಒಂದು ಫೋಟೋ ತೆಗೆದದ್ದು ನೆನಪಾಗಿ ಹುಡುಕಿದೆ. ಸಿಕ್ಕಿತು. ಮಕ್ಕಳೆಲ್ಲ ಕೆನ್ನೆಗೆ ಪುಡಿ ಬಳಿದುಕೊಂಡು ಮುಂದೆ ನಿಂತು ಹಲ್ಲು ಬಿಟ್ಟಿದ್ದಾರೆ. ಮೇಜು, ಕವರ್, ಚೀಟಿ ಎಲ್ಲ ಅವರ ಹಿಂದೆ ಮುಚ್ಚಿಹೋಗಿದೆ. ಎಡತುದಿಯಲ್ಲಿ ಅವಳ ಅಪ್ಪ ನಿಂತಿದ್ದಾರೆ, ಅರ್ಧ ಮುಖ, ಒಂದು ತೋಳು. ರಾಜಾಜಿನಗರದ ಸ್ಟುಡಿಯೋ ಒಂದರಲ್ಲಿ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಅವರ ಮುಖವನ್ನು ಪೂರ್ತಿ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದೆ. ಸ್ಟುಡಿಯೋದವರು, "ಇಲ್ದೇ ಇರೋ ಕಣ್ಣನ್ನ ನಾವೇ ಬರೀಬೇಕಾಗುತ್ತೆ ಮೇಡಂ, ಅವ್ರ ಥರ ಇರಲ್ಲ," ಎಂದರು. ಬೇಡ ಎಂದೆ.

ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ವಾರವೇ ಅವಳನ್ನು ಲೈಬ್ರರಿಗೆ ಕರೆದೆ. ಬೇರೆ ಯಾರೂ ಇರಲಿಲ್ಲ. ಸುಳ್ಳು ಹೇಳುವುದು ಸುಲಭವಿತ್ತು. ಆಯಾ ಎಸೆದುಬಿಟ್ಟಳು ಎಂದರೆ ಅವಳು ನಂಬುತ್ತಿದ್ದಳು. ನಾನು ನಿಜವನ್ನೇ ಹೇಳಿದೆ. ಹೆದರಿಕೆಯಾಯಿತು, ಅದಕ್ಕೇ ಎಸೆದೆ, ನಾನೇ ಎಸೆದೆ ಎಂದೆ.

ಅವಳು ಬೆಂಚಿನ ಅಂಚನ್ನು ನೋಡುತ್ತಾ ಕೇಳಿದಳು, "ಕಸದ ಗಾಡಿಗಾ ಮಿಸ್?"

"ಹೂಂ."

"ಯಾವಾಗ?"

"ಜನವರೀಲಿ. ನಿಮ್ಮನೆಗೆ ಬಂದು ಹೋದ್ಮೇಲೆ."

ಅವಳು ಬೆರಳಲ್ಲಿ ತಿಂಗಳು ಎಣಿಸಿ ನೋಡಿದಳು. ಆಮೇಲೆ ಹೇಳಿದಳು, "ಅಪ್ಪ ಇದ್ದಾಗ್ಲೇನಾ."

ಅದು ಪ್ರಶ್ನೆಯಾಗಿರಲಿಲ್ಲ. ನನಗೆ ಅಳು ಬಂತು. ಹದಿನಾಲ್ಕು ವರ್ಷದ ಹುಡುಗಿಯ ಮುಂದೆ ಮೇಷ್ಟ್ರಮ್ಮ ಅತ್ತರೆ ಅವಳೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ ಎಂದು ತಡೆದುಕೊಂಡೆ. ಫೋಟೋ ಕೊಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

"ಇದ್ರಲ್ಲಿ ಅಪ್ಪ ಅರ್ಧಾನೇ ಇದಾರೆ."

"ಹೂಂ. ತಪ್ಪಾಯ್ತಮ್ಮ."

"ಪರವಾಗಿಲ್ಲ ಮಿಸ್," ಎಂದು ಫೋಟೋವನ್ನು ನೋಟ್‌ಬುಕ್ಕಿನೊಳಗಿಟ್ಟುಕೊಂಡು ಹೋದಳು.

ಒಂಬತ್ತು, ಹತ್ತು, ಎರಡೂ ವರ್ಷ ಅವಳು ನನ್ನ ತರಗತಿಯಲ್ಲಿದ್ದಳು. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ಹೋಂವರ್ಕ್ ತಪ್ಪಿಸುತ್ತಿರಲಿಲ್ಲ, ಎದುರಿಗೆ ಸಿಕ್ಕರೆ ನಮಸ್ತೆ ಎನ್ನುತ್ತಿದ್ದಳು. ಕೈ ಮಾತ್ರ ಮತ್ತೆ ಎತ್ತಲಿಲ್ಲ. ಅವಳು ನನ್ನ ಮೇಲೆ ಒಂದು ಸಲ ಸಿಟ್ಟು ಮಾಡಿದ್ದರೆ, ಯಾಕೆ ಮಿಸ್ ಹಾಗೆ ಮಾಡಿದ್ರಿ ಎಂದು ಕೇಳಿದ್ದರೆ, ನಾನು ತಪ್ಪನ್ನು ಇನ್ನಷ್ಟು ಒಪ್ಪಿಕೊಂಡು ಹಗುರಾಗುತ್ತಿದ್ದೆನೇನೋ. ಅವಳು ಆ ಅವಕಾಶ ಕೊಡಲಿಲ್ಲ. ಕೊಡುವುದು ಅವಳ ಕೆಲಸವೂ ಅಲ್ಲ.

ಹತ್ತನೆಯ ತರಗತಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ವರ್ಗಾವಣೆ ಪತ್ರ ತೆಗೆದುಕೊಳ್ಳಲು ತಾಯಿಯ ಜೊತೆ ಬಂದಿದ್ದಳು. ಕವರ್‌ಗಳ ವಿಷಯವನ್ನು ಅವಳು ತಾಯಿಗೆ ಹೇಳಿರಲಿಲ್ಲ. ಅದು ತಾಯಿಯ ಮಾತಿನಿಂದಲೇ ಗೊತ್ತಾಯಿತು. "ಮೇಡಂ, ನೀವು ನಮ್ಮನೆವ್ರನ್ನ ಕರೆಸಿ ಪಾಠ ಮಾಡಿಸಿದ್ದು ಅವ್ರು ಕೊನೇತನಕ ಹೇಳ್ಕೊಂಡಿದ್ರು. ಗಾಡಿ ಹುಡುಗರ ಹತ್ರ ಎಲ್ಲ ಹೇಳಿದ್ರಂತೆ, ನಾನು ಮೇಷ್ಟ್ರಾಗಿದ್ದೆ ಅಂತ," ಎಂದು ನನ್ನ ಕೈ ಹಿಡಿದುಕೊಂಡರು. ಮಗಳು ಕಿಟಕಿಯ ಆಚೆ ನೋಡುತ್ತಿದ್ದಳು.

"ಆ ರೂಮು ಒಂದ್ಸಲ ನೋಡಬಹುದಾ ಮೇಡಂ? ನಾನು ಅವತ್ತು ಡ್ಯೂಟಿಗೆ ಹೋಗಿದ್ದೆ."

ಮೂವರೂ ಮಹಡಿ ಹತ್ತಿ ಎಂಟನೆಯ ತರಗತಿಗೆ ಹೋದೆವು. ರಜೆ ಇನ್ನೂ ಮುಗಿದಿರಲಿಲ್ಲ, ಕೋಣೆ ಖಾಲಿ ಇತ್ತು. ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿದ್ದರು.

"ಎಲ್ಲಿ ನಿಂತಿದ್ರು?" ಎಂದು ತಾಯಿ ಕೇಳಿದರು.

ಮಗಳು ನನಗಿಂತ ಮುಂಚೆ ನಡೆದು ಹೋಗಿ ಮೇಜಿನ ಎಡಕ್ಕೆ, ಕಿಟಕಿಯ ಬೆಳಕು ಬೀಳುವ ಕಡೆ, ಕಾಲಿನಿಂದ ಜಾಗ ತೋರಿಸಿದಳು. ತಾಯಿ ಅಲ್ಲಿಗೆ ಹೋಗಿ, ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು ನಿಂತರು. ಖಾಲಿ ತರಗತಿಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದರು.

"ಎಷ್ಟ್ ಜನ ಮಕ್ಕಳಿದ್ರು?"

"ನಲವತ್ತೆರಡು," ಎಂದಳು ಮಗಳು.

"ಅಷ್ಟ್ ಜನದ ಮುಂದೆ ಮಾತಾಡಿದ್ರಾ," ಎಂದು ತಾಯಿ ತಮ್ಮಷ್ಟಕ್ಕೇ ಹೇಳಿಕೊಂಡರು. ಮಗಳು ತಾಯಿಯ ಪಕ್ಕದಲ್ಲಿ ಹೋಗಿ ನಿಂತಳು. ನಾನು ಬಾಗಿಲಿನ ಹೊರಗೆ, ಕಾರಿಡಾರಿಗೆ ಬಂದು, ಅವರು ಹೊರಡುವವರೆಗೆ ಕಾಯುತ್ತಾ ನಿಂತೆ.